ಪೆಡಲ್ ದೋಣಿಗೆ ಹಾಕಿದ ಹಾರ

ಆ ರವಿವಾರ ನಾನು ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ; ಉಕ್ಕಿತು; ಒಲೆ ಒರೆಸಿದೆ. ನಳ ಬಂದಿತ್ತು, ಹಂಡೆ, ಕೊಡ, ಬಕೀಟು, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಸಿಟ್ಟೆ. ನೆನೆಹಾಕಿದ ಮಡಿಕೆಕಾಳನ್ನು ಅರಿವೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಶ್ರಾವಣದ ಮಳೆಯಲ್ಲಿ ಒಣಗದೆ ಉಳಿದ ಬಟ್ಟೆಗಳನ್ನು ಒಳಗಿನ ಹಗ್ಗಕ್ಕೆ ವರ್ಗಾಯಿಸಿದೆ. ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬುತ್ತಿ ಕಟ್ಟಿದೆ. ಬಾಜು ಮನೆಯವರಿಗೆ ಬೀಗದ ಕೈ ಕೊಟ್ಟು, ಬೆಕ್ಕು ಬಂದರೆ ಓಡಿಸಿರಿ ಎಂದು ಹೇಳಿದೆ. ಆಮೇಲೆ ಖಾನಾಪುರಕ್ಕೆ ಹೋಗಿ ಒಂದು ದೋಣಿಗೆ ಪೂಜೆ ಮಾಡಿದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಸುಸೂತ್ರವಾಗಿ ಆದವು.

ದೋಣಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಿಂದವಾಡಿಯ ನಮ್ಮ ಗಲ್ಲಿಯವರೆಲ್ಲ ಕೇಳಿದ್ದಾರೆ. ನಾವು ಲಿಂಗವಂತರು. ನಮ್ಮ ಮನೆಯಲ್ಲಿ ಮೀನು ಅಂದರೆ ರಂಗೋಲಿಯಲ್ಲಿ ಬರೆಯುವ ಒಂದು ಆಕಾರ, ಅಷ್ಟೇ. ಅಂಥ ಮನೆಯ ಯಜಮಾನರು ಮೀನು ಹಿಡಿಯುವ ದೋಣಿ ಕಟ್ಟಲು ಕೂತದ್ದಕ್ಕೆ ಕ್ಯಾಂಪಿನ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಕಾರಣ. ಸಾಹೇಬರಿಗೆ ವಯಸ್ಸಾಗಿದೆ, ಒಬ್ಬರೇ ಇರುತ್ತಾರೆ, ಡ್ಯಾಮಿಗೆ ಹೋಗಿ ಗಾಳ ಹಾಕುವ ಹುಚ್ಚು ವಿಪರೀತ. ಯಾವುದೋ ಪರದೇಶದ ಮಾಸಿಕದಲ್ಲಿ ಅವರು ಒಂದು ಚಿತ್ರ ನೋಡಿದರು. ಉದ್ದನೆಯ ಸಪೂರ ದೋಣಿ. ಅದರಲ್ಲಿ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತಂತೆ ಕೂತು ಸೈಕಲ್ಲಿನ ಹಾಗೆ ಪೆಡಲ್ ತುಳಿಯುತ್ತಿದ್ದಾನೆ. ಕಾಲು ದೋಣಿ ನಡೆಸುತ್ತದೆ, ಕೈಗಳು ಖಾಲಿ, ಆ ಕೈಗಳಲ್ಲಿ ಗಾಳ. ಅದಕ್ಕೆ ಕಯಾಕ್ ಅನ್ನುತ್ತಾರಂತೆ. ಸಾಹೇಬರು ಆ ಚಿತ್ರವನ್ನು ಕತ್ತರಿಸಿಕೊಂಡು ನಮ್ಮನೆಯವರ ಬಳಿ ಬಂದರು. "ಇಂಥಾದ್ದು ಮಾಡಿಕೊಡ್ತೀರಾ?" ಎಂದರು.

ನಮ್ಮನೆಯವರು ಉದ್ಯಮಬಾಗದ ಒಂದು ಕಾರಖಾನೆಯಲ್ಲಿ ಲೇಥ್ ಮೇಲೆ ಇದ್ದಾರೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಬೇರೆಯವರು ಬರೆದ ನಕಾಶೆ ನೋಡಿ, ಬೇರೆಯವರ ಲೇಥಿನಲ್ಲಿ, ಬೇರೆಯವರ ಮಾಲು ತಿರುವಿದವರು. ತಮ್ಮದೇ ನಕಾಶೆಯಿಂದ ತಮ್ಮದೇ ಒಂದು ವಸ್ತು ಮಾಡಬೇಕೆಂಬ ಆಸೆ ಅವರಿಗಿತ್ತು ಎಂಬುದೇ ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಆ ರಾತ್ರಿ ಚಿತ್ರವನ್ನು ದೀಪದ ಕೆಳಗೆ ಹಿಡಿದು ಅಳತೆಪಟ್ಟಿಯಿಂದ ಅಳೆಯುತ್ತ ಕೂತರು. ಯುಗಾದಿಯಿಂದ ಶ್ರಾವಣದವರೆಗೆ, ಕೆಲಸ ಮುಗಿಸಿ ಬಂದು, ಪೀರನವಾಡಿಯ ಗೆಳೆಯರೊಬ್ಬರ ಶೆಡ್ಡಿನಲ್ಲಿ ಕೂತು ಕಟ್ಟಿದರು. ಒಡಲು ಫೈಬರಿನದು. ಒಳಗೆ ಸೈಕಲ್ಲಿನ ಪೆಡಲು, ಸರಪಳಿ. ಅಲ್ಲಿಂದ ಒಂದು ಕಬ್ಬಿಣದ ಸಲಾಕೆ. ಅದರ ತುದಿಗೆ, ದೋಣಿಯ ಹಿಂಭಾಗದಲ್ಲಿ ನೀರೊಳಗೆ ತಿರುಗುವ ಹಿತ್ತಾಳೆಯ ಪಂಖಾ. ಆ ಪಂಖದ ಎಸಳುಗಳನ್ನು ಅವರು ಎಷ್ಟು ಸಲ ಉಜ್ಜಿದರೆಂದರೆ ನಾನು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಂಡಿದ್ದೇನೆ.

ಸಾಹೇಬರದು ಒಂದೇ ಶರತ್ತು. ನಿಂತ ನೀರಿನಲ್ಲಿ ಬಾಳೆಯ ದಿಂಡೂ ತೇಲುತ್ತದೆ. ಹರಿಯುವ ನೀರಿನಲ್ಲಿ, ಅಲೆಯಲ್ಲಿ ನೋಡಿರಿ. ತಡೆದು ನಿಂತರೆ ಸೋಮವಾರ ಬಂದು ಒಯ್ಯುತ್ತೇನೆ ಎಂದಿದ್ದರು.

"ಮೊದ್ಲ ಕೋಟಿ ಕೆರಿಯಾಗ ಬಿಟ್ಟು ನೋಡೂಣೇನು?" ಎಂದರು ಇವರು.

"ಕೆರಿಯಾಗ ಏನ್ ತಿಳೀತೈತ್ರೀ? ಸಾಹೇಬ್ರು ಹರಿಯೂ ನೀರು ಅಂದಾರ. ಖಾನಾಪುರಕ್ಕ ಹೋಗೂಣು. ನಮ್ಮ ಬಸು ಅದಾನ, ಮಲಪ್ರಭಾ ಐತಿ, ನಾ ಇದ್ದೇನಿ. ನದಿ ದಂಡಿ ಹುಡುಗಿ!"

"ಹುಡುಗಿ?" ಎಂದರು ಇವರು.

ಖಾನಾಪುರ ನನ್ನ ತವರು. ಇವರು ಬೈಲಹೊಂಗಲದ ಆಚೆಯ ಎರೆಭೂಮಿಯವರು. ಅವರ ಊರಿನಲ್ಲಿ ನೀರು ಅಂದರೆ ಬಾವಿಯ ತಳದಲ್ಲಿ ಇಣುಕಿ ನೋಡುವ ವಸ್ತು. ಆದ್ದರಿಂದ ನಮ್ಮ ಸಂಸಾರದಲ್ಲಿ ನೀರಿನ ಖಾತೆ ಮೊದಲಿನಿಂದಲೂ ನನ್ನದು. ನಿಜ ಹೇಳಬೇಕೆಂದರೆ ಮಲಪ್ರಭೆಯ ದಂಡೆಯಲ್ಲಿ ನಾನು ಮಾಡಿದ್ದು ಬಟ್ಟೆ ಒಗೆಯುವುದು. ಈಜೂ ಬರುತ್ತಿತ್ತು. ಕಾಲು ನೆಲಕ್ಕೆ ಮುಟ್ಟುತ್ತಿರುವವರೆಗೆ!

ಟೆಂಪೋದ ಹಿಂದೆ ದೋಣಿಯ ಬಾಲ ಹೊರಗೆ ಚಾಚಿಕೊಂಡಿತ್ತು. ನನ್ನ ಒಂದು ಕೆಂಪು ಕುಬಸದ ಕಣ ಅದಕ್ಕೆ ಕಟ್ಟಿದೆವು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹಿರಿಯರು ದೋಣಿಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಗ್ವಾದಲಿ ಛಲೋ ಐತ್ರೀ. ಎಷ್ಟ ದನಾ ಮೇಯ್ತಾವು ಇದರಾಗ?"

ಇವರ ಮುಖ ಸಣ್ಣದಾಯಿತು. "ದೋಣಿರೀ ಅದು," ಎಂದೆ ನಾನು, ಸ್ವಲ್ಪ ಜೋರಾಗಿಯೇ.

"ಹೌದ? ಮತ್ತ ಪೆಡಲ್ ಯಾಕ?"

ಬಸು ನನ್ನ ತಮ್ಮ. ಖಾನಾಪುರದಲ್ಲಿ ಕಿರಾಣಿ ಅಂಗಡಿ, ಅದರ ಮೂಲೆಯಲ್ಲೇ ಎಸ್‌ಟಿಡಿ ಬೂತು. ಅಂಗಡಿ ಹೆಂಡತಿಗೆ ಒಪ್ಪಿಸಿ, ಉದ್ದನೆಯ ಹಗ್ಗ ಹೆಗಲಿಗೆ ಹಾಕಿಕೊಂಡು ದಂಡೆಗೆ ಬಂದ. ಬಂದವನೇ ನೀರು ನೋಡಿದ, ಆಕಾಶ ನೋಡಿದ.

"ಅಕ್ಕಾ, ಮ್ಯಾಲ ಕಣಕುಂಬಿ ಕಡೆ ರಾತ್ರಿಯೆಲ್ಲಾ ಮಳಿ ಹೊಡದೈತಿ. ನೀರ ಏರಾಕತ್ತೈತಿ. ನಾಳೆ ನೋಡೂಣಲ್ಲ?"

"ನಾಳೆ ಸಾಹೇಬ್ರು ಬರ್ತಾರೋ. ಮತ್ತ ನನಗ ನೀರಿನ ಮಾತ ಹೇಳ್ತೀಯೇನು? ನಿನಗ ಚಡ್ಡಿ ಹಾಕ್ಕೊಳ್ಳಾಕ ಬರದಾಗಿಂದ ನಾ ಈ ದಂಡ್ಯಾಗ ಅದೇನಿ."

"ಅದು ಖರೇ. ಆದ್ರ ಆಗ ಕೆಳಗ ಒಡ್ಡು ಇರ್ಲಿಲ್ಲಲಾ."

ಒಡ್ಡು ಅಂದರೆ ನೀರಾವರಿಗಾಗಿ ಹೊಳೆಗೆ ಅಡ್ಡ ಕಟ್ಟಿದ ಕಲ್ಲಿನ ಗೋಡೆ. ತಿರುವಿನ ಆಚೆ ಇತ್ತು, ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಧೋ ಎಂಬ ಒಂದೇ ಸಮನೆಯ ಸದ್ದು. ಹೋದ ಮಳೆಗಾಲದಲ್ಲಿ ಅಲ್ಲಿಂದ ಕೆಳಗೆ ಬಿದ್ದ ಒಂದು ಮಾವಿನ ಮರ ಸಿಬಿರು ಸಿಬಿರಾಗಿತ್ತು ಎಂದು ಬಸು ಹೇಳಿದ. ಇವರು ಒಂದು ಸಲ ದೋಣಿಯ ಒಡಲನ್ನು ಸವರಿದರು.

ಮುಂಜಾಗ್ರತೆಗೆ ನಾವೇನೂ ಕಡಿಮೆ ಮಾಡಲಿಲ್ಲ. ಬಟ್ಟೆ ಒಗೆಯುವ ಬಂಡೆಯ ಮರೆಯಲ್ಲಿ ನೀರು ನಿಧಾನವಾಗಿತ್ತು. ಅಲ್ಲಿಂದ ಇವರು ಒಬ್ಬರೇ ಹೊರಡುವುದು, ಹರಿವಿನ ಅಂಚು ಮುಟ್ಟುವುದು, ತಿರುಗಿ ಬರುವುದು. ದೋಣಿಯ ಮೂತಿಗೆ ಕಟ್ಟಿದ ಹಗ್ಗ ದಂಡೆಯಲ್ಲಿ ಬಸುವಿನ ಕೈಯಲ್ಲಿ. ಇವರಿಗೆ ಈಜು ಬಾರದ ಕಾರಣ ಗಾಳಿ ತುಂಬಿದ ಸ್ಕೂಟರ್ ಟ್ಯೂಬೊಂದನ್ನು ಕೊರಳಿಂದ ಕಂಕುಳಿಗೆ ಅಡ್ಡ ಹಾಕಿಕೊಂಡರು. ಅಷ್ಟರಲ್ಲಿ ಅವರಿಗೆ ನೆನಪಾಯಿತು.

"ಉಸುಕಿನ ಚೀಲ ಎಲ್ಲಿ? ಹಿಂದ ವಜನ ಬೇಕು. ಸಾಹೇಬ್ರು ಬರೂಮುಂದ ಮೀನ ತುಂಬ್ಕೊಂಡ ಬರ್ತಾರ."

ಉಸುಕಿನ ಚೀಲವನ್ನು ಟೆಂಪೋದಿಂದ ಇಳಿಸಿ ಹಿಂದವಾಡಿಯ ಬಾಗಿಲಲ್ಲೇ ಬಿಟ್ಟವಳು ನಾನು. ಪೂಜೆಯ ಬುಟ್ಟಿಗೆ ಜಾಗ ಬೇಕಾಗಿತ್ತು. ತಪ್ಪನ್ನು ಕೂಡಲೇ ತ್ಯಾಗವನ್ನಾಗಿ ಬದಲಿಸಿದೆ.

"ನಾ ಕುಂದರ್ತೇನಿ."

ಸೀಟಿನ ಹಿಂದೆ ಹಿಡಿದ ಮೀನು ಹಾಕಲು ಬಿಟ್ಟಿದ್ದ ಗುಂಡಿಯನ್ನೂ ನನ್ನನ್ನೂ ಇವರು ತೂಗಿ ನೋಡಿದರು. "ಸಾಹೇಬ್ರು ಅಷ್ಟ ದೊಡ್ಡ ಮೀನ ಹಿಡ್ಯಾಂಗಿಲ್ಲ, ಶಾಂತಾ."

ಆದರೂ ಒಪ್ಪಿದರು. ಬೇರೆ ಚೀಲ ಇರಲಿಲ್ಲ.

ಇನ್ನು ಪೂಜೆ. ಹೊಸ ಗಾಡಿ ಬಂದರೆ ಪೂಜೆ ಮಾಡದೆ ಒಂದು ಹೆಜ್ಜೆ ಚಲಿಸಬಾರದು; ಸೈಕಲ್ಲಾಗಲಿ, ಟ್ರ್ಯಾಕ್ಟರಾಗಲಿ. ವಿಭೂತಿ ಹಚ್ಚಿದೆ, ಅರಿಸಿನ ಕುಂಕುಮ ಏರಿಸಿದೆ. ತೆಂಗಿನಕಾಯಿಯನ್ನು ದೋಣಿಗೆ ಒಡೆಯಲು ಹೊರಟಾಗ ಇವರು ನಡುವೆ ಬಂದು ನಿಂತರು. ಸರಿ, ಕಲ್ಲಿಗೆ ಒಡೆದೆ. ಮೂತಿಯ ಕಬ್ಬಿಣದ ಬಳೆಗೆ ಕುಂಕುಮ ಹಚ್ಚಲು ಹಗ್ಗ ಅಡ್ಡ ಬಂತು. ಬಿಚ್ಚಿದೆ. ಹಚ್ಚಿದ ಮೇಲೆ ಮತ್ತೆ ಕಟ್ಟಿದೆ. ನನಗೆ ಬರುವ ಗಂಟು ಒಂದೇ. ಲಂಗದ ಲಾಡಿಗೆ ಹಾಕುವುದು.

ಆಮೇಲೆ ಹಾರ. ಗಾಡಿಯ ಪೂಜೆಯಲ್ಲಿ ಮುಖ್ಯವಾದದ್ದು ತಿರುಗುವ ಭಾಗ. ಗಾಲಿಗೆ ಹೂವು ಬೇಕೇ ಬೇಕು. ಈ ಗಾಡಿಯಲ್ಲಿ ತಿರುಗುವುದು ಪಂಖ. ಮನೆಯಿಂದ ಗೊಂಡೆ ಹೂವಿನ ಹಾರ ಪೋಣಿಸಿ ತಂದಿದ್ದೆ. ಬುಟ್ಟಿಯಿಂದ ತೆಗೆಯುವಾಗ ದಾರ ಹರಿದು ಹೂವೆಲ್ಲ ಚೆಲ್ಲಿದವು. ಅಪಶಕುನ ಎಂದು ಯಾರಾದರೂ ಅನ್ನುವುದರೊಳಗೆ ಬೇರೆ ದಾರ ಹುಡುಕಿದೆ. ಸಿಕ್ಕಿತು. ದೋಣಿಯಲ್ಲಿ ಗಾಳದ ಕೋಲು ಸಿಗಿಸುವ ಜಾಗ ಸರಿಯಾಗಿದೆಯೇ ನೋಡಲೆಂದು ಸಾಹೇಬರು ತಮ್ಮ ಕೋಲನ್ನು ರೀಲಿನ ಸಮೇತ ಕಳಿಸಿದ್ದರು. ರೀಲಿನಲ್ಲಿ ನೀರಿನಂತೆ ಪಾರದರ್ಶಕವಾದ ಸುಂದರ ನೈಲಾನ್ ದಾರ! ಹಲ್ಲಿನಿಂದ ಕಡಿಯಲು ನೋಡಿದೆ, ಹಲ್ಲೇ ಸಡಿಲಾಯಿತು. ಕಾಯಿ ಬಿಡಿಸುವ ಚೂರಿಯಿಂದ ಕೊಯ್ದು, ಹೂವುಗಳನ್ನು ಮತ್ತೆ ಪೋಣಿಸಿ, ಪಂಖಕ್ಕೆ ಸುತ್ತಿ ಕಟ್ಟಿದೆ. ಇನ್ನು ಯಾರ ಕೈಯಿಂದಲೂ ಹರಿಯುವ ಮಾತಿಲ್ಲ ಎಂದು ಸಂತೋಷಪಟ್ಟೆ. ನೀರಿಗಿಳಿಸುವ ಮುಂಚೆ ತೆಗೆದರಾಯಿತು.

ಕೊನೆಗೆ ಲಿಂಬೆಹಣ್ಣು. ಗಾಲಿಯೇ ಇಲ್ಲದ ಗಾಡಿಗೆ ಲಿಂಬೆಹಣ್ಣು ಎಲ್ಲಿ ಇಡುವುದು? ಬಹಳ ವಿಚಾರ ಮಾಡಿ ಒಡಲಿನ ಕೆಳಗೆ ಅಲ್ಲೊಂದು ಇಲ್ಲೊಂದು ಇಟ್ಟೆ. ನಾವಿಬ್ಬರೂ ಒಳಗೆ ಕೂತು, ಬಸು ಹಿಂದಿನಿಂದ ಒಂದಿಷ್ಟು ನೂಕಿ, ಹಣ್ಣು ಒಡೆಯುವುದೆಂದು ನಿಶ್ಚಯವಾಯಿತು; ಆಮೇಲೆ ಇಳಿದು ಹಾರ ತೆಗೆಯಬೇಕೆಂಬುದು ನನ್ನ ಮನಸ್ಸಿನಲ್ಲೇ ಇತ್ತು. ನಾನು ಆರತಿ ತಟ್ಟೆ ಹಿಡಿದುಕೊಂಡೇ ಮೀನಿನ ಗುಂಡಿಯಲ್ಲಿ ಕೂತೆ.

ಬಸು ನೂಕಿದ.

ಲಿಂಬೆಹಣ್ಣು ಒಡೆಯಲಿಲ್ಲ. ಉರುಳಿತು! ದಂಡೆಯ ಕೆಂಪು ಮಣ್ಣು ಮಳೆಗೆ ಎಣ್ಣೆ ಹಚ್ಚಿದ ತವೆಯಂತಾಗಿತ್ತು. ಗಾಲಿ ಸಿಕ್ಕ ಸಂಭ್ರಮದಲ್ಲಿ ದೋಣಿ ಸರ್ರನೆ ಇಳಿದು, ನೀರು ಹೊಡೆದು, ಬಂಡೆಯ ಮರೆ ದಾಟಿ ಹೋಯಿತು. "ಹಗ್ಗ! ಹಗ್ಗ!" ಎಂದೆ. ಬಸು ಹಗ್ಗವನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲಿದ. ಹಗ್ಗ ಬಿಗಿಯಿತು. ಲಾಡಿಯ ಗಂಟು, ತನ್ನ ಧರ್ಮಕ್ಕೆ ತಕ್ಕಂತೆ, ಎಳೆದ ಕೂಡಲೇ ಬಿಚ್ಚಿಕೊಂಡಿತು. ಬಸು ಹಗ್ಗದ ಸಮೇತ ಕೆಸರಿನಲ್ಲಿ ಕೂತ.

ಆದರೆ ಮೊದಲ ಕ್ಷಣ ಭಯವಾಗಲಿಲ್ಲ. ಯಾಕೆಂದರೆ ಇವರು ಪೆಡಲ್ ತುಳಿದರು, ದೋಣಿ ನಡೆಯಿತು. ಖರೇ ನಡೆಯಿತು! ಅಲೆ ಬಂದು ಬಡಿದರೆ ಮೂತಿ ಎತ್ತಿ ಹತ್ತಿ ಇಳಿಯಿತು. ಹನಿ ನೀರು ಒಳಗೆ ಬರಲಿಲ್ಲ. ಇವರು ತಿರುಗಿ ನನ್ನನ್ನು ನೋಡಿದರು. ಆ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

"ಶಾಂತಾ! ಹೊಂಟೈತಿ ನೋಡ!"

"ಹೊಂಟೈತ್ರೀ!"

ಕಟಕ್.

ಪೆಡಲು ನಿಂತಿತು. ಇವರು ಒತ್ತಿದರು. ಎದ್ದು ನಿಂತವರಂತೆ ಒತ್ತಿದರು. ಅಲುಗಲಿಲ್ಲ. ದೋಣಿ ಮೆಲ್ಲಗೆ ಅಡ್ಡವಾಯಿತು, ಹರಿವು ಅದನ್ನು ಅಂಗೈಯಲ್ಲಿ ಎತ್ತಿಕೊಂಡಿತು.

"ಸರಪಳಿ ಬಿಚ್ಚಿತೇನ?" ಎಂದು ಇವರು ಬಗ್ಗಿ ನೋಡಿದರು. "ಸರಪಳಿ ಬರೊಬ್ಬರಿ ಐತಿ. ಪಂಖಾಕ್ಕ ಏನೋ ಬಡದೈತಿ."

"ಕಲ್ಲ ಇರಬೇಕ್ರೀ," ಎಂದೆ.

"ಇಷ್ಟ ಆಳದಾಗ ಕಲ್ಲ ಎಲ್ಲೀದು?"

ನೀರಿನ ಮೇಲೆ ಒಂದು ಗೊಂಡೆ ಹೂವು ತೇಲಿ ಮುಂದೆ ಬಂತು. ಅದರ ಹಿಂದೆ ಇನ್ನೊಂದು. ಇವರು ಹೂವುಗಳನ್ನು ನೋಡಿದರು. ಆಮೇಲೆ ನನ್ನನ್ನು.

"ಹಾರ ಐತಿ," ಎಂದೆ. "ಪಂಖಾಕ್ಕ ಕಟ್ಟಿದ್ದೆ."

"ಹೂವಿನ ಹಾರ ಹೌದಲ್ಲ? ಜೋರ ತುಳದ್ರ ಹರೀತೈತಿ."

"ಹೂ ಹರೀತಾವ್ರೀ. ದಾರ ಹರ್ಯಾಂಗಿಲ್ಲ."

"ಯಾ ದಾರ?"

ನಾನು ನದಿಯ ಸೌಂದರ್ಯವನ್ನು ನೋಡತೊಡಗಿದೆ.

"ಶಾಂತಾ, ಯಾ ದಾರ?"

"ಸಾಹೇಬ್ರದು."

ಇವರು ಕಣ್ಣು ಮುಚ್ಚಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಒಡ್ಡಿನ ಸದ್ದಾದರೂ ಕೇಳುತ್ತಿರಲಿಲ್ಲ. ಅದು ಈಗ ಜೋರಾಗಿತ್ತು. ಪೆಡಲನ್ನು ಹಿಂದಕ್ಕೆ ತುಳಿದು ನೋಡಿದರು. ಅರ್ಧ ಸುತ್ತು ಬಿಚ್ಚಿ ಇನ್ನೊಂದು ದಿಕ್ಕಿನಿಂದ ಸುತ್ತಿಕೊಂಡಿತು. ಹಿಂದಕ್ಕೆ ಬಾಗಿ ಕೈ ಹಾಕೋಣವೆಂದರೆ ನಡುವೆ ನಾನು. ನಾನೇ ಕೈ ಚಾಚಿದೆ. ಪಂಖ ಮುಟ್ಟುವಷ್ಟು ಬಾಗಿದರೆ ದೋಣಿಯೂ ನನ್ನ ಜೊತೆ ಬಾಗಿತು. ಚೂರಿ ಎಲ್ಲಿ? ದಂಡೆಯಲ್ಲಿ, ತೆಂಗಿನ ಹೋಳಿನ ಪಕ್ಕದಲ್ಲಿ, ಬಹಳ ಜೋಪಾನವಾಗಿತ್ತು.

ದಂಡೆಯಗುಂಟ ಬಸು ಓಡುತ್ತಿದ್ದ. "ಅಕ್ಕಾ! ಈ ಕಡೆ ಬರ್ರಿ! ಈ ಕಡೆ!"

"ನಮಗ ಏನ್ ಹೇಳ್ತಿ? ದೋಣಿಗೆ ಹೇಳೋ!"

ಆರತಿ ತಟ್ಟೆ ಕೈಯಲ್ಲಿತ್ತಲ್ಲ, ಅದರಿಂದಲೇ ಹುಟ್ಟು ಹಾಕಿದಂತೆ ನೀರು ತೋಡತೊಡಗಿದೆ. ದೋಣಿ ತಿರುಗಿತು. "ಬರಾಕತ್ತೈತ್ರೀ!" ಎಂದೆ. ಬಂತು, ಮುಂದೆ ಹೋಯಿತು, ಪೂರ್ತಿ ಸುತ್ತಿ ಮತ್ತೆ ಮೊದಲಿನ ದಿಕ್ಕಿಗೇ ಮುಖ ಮಾಡಿತು. ಇವರು ಆಚೆ ಬದಿಗೆ ಕೈಯಿಂದ ತೋಡಿದರು. ನಾನು ಇತ್ತ ಜೋರು ಮಾಡಿದರೆ ಅತ್ತ, ಅವರು ಅತ್ತ ಜೋರು ಮಾಡಿದರೆ ಇತ್ತ. ನಮ್ಮ ಸಂಸಾರವನ್ನು ಹೊಳೆಯ ನಡುವೆ ಯಾರೋ ಪ್ರದರ್ಶನಕ್ಕೆ ಇಟ್ಟಂತಿತ್ತು.

"ನಾ ಅಂದಾಗ ನೀ ಎಳಿ!"

"ನೀವ ಅನ್ನೂದ ತಡಾ ಮಾಡ್ತೀರಿ!"

ತಿರುವು ದಾಟಿದೆವು. ಅಲ್ಲಿ ಕಂಡಿತು. ಗೋಡೆ ಕಾಣಲಿಲ್ಲ, ಹೊಳೆ ಒಂದು ಗೆರೆಯ ಹಾಗೆ ಮುಗಿದಿತ್ತು, ಅದರಾಚೆ ಬಿಳಿ ಹೊಗೆ ಏಳುತ್ತಿತ್ತು. ನನ್ನ ಕೈಯಿಂದ ತಟ್ಟೆ ಜಾರಿತು. ಅದು ನಮಗಿಂತ ಮುಂದೆ ಹೋಗಿ, ಆ ಗೆರೆಯ ಮೇಲೆ ಒಮ್ಮೆ ಹೊಳೆದು, ಇಲ್ಲವಾಯಿತು. ಬಿದ್ದ ಸದ್ದೂ ಕೇಳಲಿಲ್ಲ.

ಇವರು ಟ್ಯೂಬನ್ನು ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು.

"ಜಿಗಿ. ಬಸು ಹಗ್ಗ ಒಗೀತಾನ. ನೀ ನದಿ ಬಲ್ಲಾಕಿ."

"ನೀವು?"

"ನಾ ದೋಣಿ ಬಿಡಾಂಗಿಲ್ಲ."

"ಹುಚ್ಚ ಹಿಡದೈತೇನ್ರೀ? ಇನ್ನೊಂದ ಮಾಡ್ರಿ ದೋಣಿ!"

"ಇನ್ನೊಂದ ಮಾಡ್ತೇನಿ. ಇದು ಮೊದಲಿಂದು."

ಇಷ್ಟು ವರ್ಷ ನನ್ನ ಜೊತೆ ಒಂದು ಸೀರೆಯ ಬಣ್ಣದ ಬಗ್ಗೆ ಕೂಡ ಹಟ ಮಾಡದ ಮನುಷ್ಯ! ನನಗೆ ಸಿಟ್ಟು ಬಂತು, ಅಳು ಬಂತು. ಟ್ಯೂಬನ್ನು ಕಿತ್ತು ಅವರ ತಲೆಗೆ ತೂರಿಸಲು ಹೋದೆ. ಅವರು ತಪ್ಪಿಸಿಕೊಂಡರು. ಮತ್ತೆ ತೂರಿಸಿದೆ. ಒಡ್ಡು ಹತ್ತಿರ ಬರುತ್ತಿತ್ತು, ನಾವು ಅತಿಥಿಗೆ ಹೋಳಿಗೆ ಬಡಿಸುವವರಂತೆ ನಿನಗೆ ನಿನಗೆ ಎಂದು ಟ್ಯೂಬಿಗಾಗಿ ಜಗ್ಗಾಡುತ್ತಿದ್ದೆವು. ಕೊನೆಗೆ ಅದು ಇಬ್ಬರಿಗೂ ಬೇಡವಾಗಿ ನೀರಿಗೆ ಬಿದ್ದು ತಟ್ಟೆಯ ದಾರಿ ಹಿಡಿಯಿತು.

ಆಗ ನನ್ನ ಬೆನ್ನ ಹಿಂದೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟರು.

ತಿರುಗಿ ನೋಡಿದರೆ ಎಮ್ಮೆ. ಒಂದಲ್ಲ, ಸಾಲಾಗಿ ಎಮ್ಮೆಗಳು. ಕರೀ ತಲೆಗಳು, ಕೊಂಬುಗಳು, ನೀರಿನ ಮೇಲೆ ಮೂಗಿನ ಹೊಳ್ಳೆಗಳು. ಆಚೆ ದಂಡೆಯ ಹುಲ್ಲು ಮೇಯ್ದು ಗೌಳಿಯರ ಎಮ್ಮೆಗಳು ಮನೆಗೆ ಹೊರಟಿದ್ದವು. ಒಡ್ಡಿನ ಗದ್ದಲ ಅವಕ್ಕೆ ಲೆಕ್ಕಕ್ಕಿರಲಿಲ್ಲ. ನಮ್ಮ ದಂಡೆಯಿಂದ ಒಬ್ಬ ಅಜ್ಜಿ ಕೋಲು ಎತ್ತಿ "ಹೋ... ಹೋ..." ಎಂದು ಕರೆಯುತ್ತಿದ್ದಳು. ಒಂದೊಂದಾಗಿ ನಮ್ಮನ್ನು ದಾಟಿದವು. ಕಟ್ಟಕಡೆಯದು ಮುರುಕು ಕೊಂಬಿನದು. ಅದು ದಾಟಿದರೆ ಮುಂದೆ ಒಡ್ಡೇ.

ನಾನು ಬಾಲ ಹಿಡಿದೆ.

ಎರಡೂ ಕೈಯಿಂದ ಹಿಡಿದೆ. ಎಮ್ಮೆ ಒಮ್ಮೆ ಬೆಚ್ಚಿ ಒದೆಯಿತು, ನೀರು ಮುಖಕ್ಕೆ ಬಡಿಯಿತು, ಆಮೇಲೆ ಈಜತೊಡಗಿತು. ದೋಣಿ ಬಾಲ ಮುಂದಾಗಿ, ಮೂತಿ ಹಿಂದಾಗಿ ಅದರ ಬೆನ್ನು ಹತ್ತಿತು. ಬಾಲ ಜಾರುತ್ತಿತ್ತು, ಅದಕ್ಕೆ ಏನು ಹತ್ತಿತ್ತು ಎಂದು ವಿವರಿಸುವುದಿಲ್ಲ. ಸೆರಗಿನ ತುದಿಯನ್ನು ಬಾಲಕ್ಕೂ ಮುಂಗೈಗೂ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದೆ. ಇವರು ಹಿಂದಿನಿಂದ ನನ್ನ ನಡುವನ್ನು ಗಟ್ಟಿಯಾಗಿ ಹಿಡಿದು, ಕಾಲನ್ನು ಪೆಡಲಿಗೆ ಸಿಗಿಸಿಕೊಂಡರು. ಅಂತೂ ಪೆಡಲು ಒಂದು ಉಪಯೋಗಕ್ಕೆ ಬಂತು.

"ಬಿಡಬ್ಯಾಡ!"

"ಬಿಟ್ರ ತಾನ!"

ಎಮ್ಮೆ ನೇರವಾಗಿ ಹೋಗಲಿಲ್ಲ. ಹರಿವಿಗೆ ಓರೆಯಾಗಿ, ಒಡ್ಡಿನ ಕಡೆಗೇ ಇಳಿಯುತ್ತ ಹೋಯಿತು. ಕಲ್ಲುಗಳು ಕಂಡವು. ಗೋಡೆಯ ತಲೆಯ ಮೇಲಿನ ಪಾಚಿ ಕಂಡಿತು. ಹೊಗೆಯ ತಂಪು ಕೆನ್ನೆಗೆ ತಾಗಿತು. ನಾನು ನೆನಪಿದ್ದ ದೇವರನ್ನೆಲ್ಲ ಕರೆದೆ. ನಡುವೆ ಮನೆಯಲ್ಲಿ ಮೊಳಕೆ ಕಟ್ಟಿಟ್ಟ ಮಡಿಕೆಕಾಳು ಹಳಸಿ ಹೋಗುತ್ತದಲ್ಲ ಎಂದೂ ಅನ್ನಿಸಿತು. ಅಷ್ಟರಲ್ಲಿ ಎಮ್ಮೆಯ ಬೆನ್ನು ಮೇಲೆದ್ದಿತು. ಅದರ ಕಾಲಿಗೆ ನೆಲ ಸಿಕ್ಕಿತ್ತು! ಒಂದು ಜಗ್ಗು. ಇನ್ನೊಂದು ಜಗ್ಗು. ಒಡಲು ಕೆಸರಿಗೆ ತಾಗಿ ಕರ್ ಎಂದಿತು.

"ಅಕ್ಕಾ, ಬಿಡ! ದಂಡಿಗೆ ಬಂದ್ರಿ!" ಎಂದು ಬಸು ಕೂಗಿದ.

"ಸೆರಗ ಗಂಟಾಗೈತೋ! ಬಿಚ್ಚವಲ್ದು!"

ಬಿಚ್ಚಬಾರದ ಗಂಟು ಬಿಚ್ಚಿತ್ತು, ಬಿಚ್ಚಬೇಕಾದದ್ದು ಬಿಚ್ಚಲಿಲ್ಲ. ಎಮ್ಮೆ ಮನೆಯ ದಾರಿ ಹಿಡಿದಿತ್ತು. ಕೆಸರು, ಕಲ್ಲು, ಹುಲ್ಲು ಎನ್ನದೆ ಏರು ಹತ್ತಿತು; ಅದರ ಹಿಂದೆ ಸೆರಗು, ಸೆರಗಿನ ಹಿಂದೆ ನಾನು, ನನ್ನ ಹಿಂದೆ ಇವರು, ಎಲ್ಲರ ಕೆಳಗೆ ದೋಣಿ. ನೀರಿಗಾಗಿ ಮಾಡಿದ್ದು ಒಣ ನೆಲದಲ್ಲೂ ಅಷ್ಟೇ ಸಲೀಸಾಗಿ ಹೋಗುತ್ತಿತ್ತು.

ಅಜ್ಜಿ ಕೋಲು ಬೀಸುತ್ತ ಬಂದಳು. "ಅಗ ಬಾಯೀ, ಶೇಪೂಟ ಸೋಡ! ಶೇಪೂಟ ಸೋಡ!" ಬಾಲ ಬಿಡು ಎಂದು ಅವಳು ಮರಾಠಿಯಲ್ಲಿ, ಬಿಡಲಾರೆ ಎಂದು ನಾನು ಕನ್ನಡದಲ್ಲಿ. ಕೊನೆಗೆ ಎಮ್ಮೆಗೇ ಬೇಸರವಾಗಿ ನಿಂತಿತು. ನಿಂತ ಎಮ್ಮೆ ಏನು ಮಾಡುತ್ತದೋ ಅದನ್ನು ಮೀನಿನ ಗುಂಡಿಯಲ್ಲಿ, ಅಂದರೆ ನನ್ನ ಮಡಿಲಲ್ಲಿ, ಮನಸಾರೆ ಮಾಡಿತು.

ಬಸು ಗಂಟು ಬಿಚ್ಚಿದ. ಅಜ್ಜಿ ಮೊದಲು ಎಮ್ಮೆಯ ಬಾಲ ನೀವಿದಳು, ಕೆಚ್ಚಲು ಮುಟ್ಟಿ ನೋಡಿದಳು, ಆಮೇಲೆ ನನ್ನತ್ತ ತಿರುಗಿದಳು.

"ಸಂಜೀಕ ಹಾಲ ಬಿಡ್ಲಿಲ್ಲಂದ್ರ ನಿನ್ನ ಮನೀಗೇ ಬರ್ತೇನಿ ಬಾಯಿ!" ಇದು ಅಚ್ಚ ಕನ್ನಡದಲ್ಲೇ ಬಂತು. ಬೈಗುಳ ತಿಳಿಯದೆ ಹೋಗಬಾರದೆಂಬ ಕಾಳಜಿ. ಆಮೇಲೆ ದೋಣಿಯನ್ನು ಕೋಲಿನಿಂದ ತಿವಿದು ಇದೇನು ಎಂದು ಕೇಳಿದಳು.

"ಹೋಡೀ, ಆಜ್ಜಿ. ಪಾಯಾನಂ ಚಾಲ್ತೇ," ಎಂದ ಬಸು. ದೋಣಿ, ಕಾಲಿನಿಂದ ನಡೆಯುತ್ತದೆ.

ಅಜ್ಜಿ ನಮ್ಮಿಬ್ಬರ ಕಾಲು ನೋಡಿದಳು, ಎಮ್ಮೆಯ ಕಾಲು ನೋಡಿದಳು. "ವ್ಹಯ," ಎಂದಳು. "ಚಾರ ಪಾಯಾನಂ!" ಹೌದು, ನಾಲ್ಕು ಕಾಲಿನಿಂದ!

ಬಸುವಿನ ಹಿತ್ತಲಿಗೆ ದೋಣಿ ತಂದು ಬೋರಲು ಹಾಕಿದೆವು. ನಾನು ಸ್ನಾನ ಮಾಡಿ, ತಮ್ಮನ ಹೆಂಡತಿಯ ಸೀರೆ ಉಟ್ಟು ಬಂದಾಗ ಇವರು ಒಡಲನ್ನು ಅಂಗುಲ ಅಂಗುಲ ಬೆರಳಿನಿಂದ ತಡವುತ್ತಿದ್ದರು. ಗೀರುಗಳಿದ್ದವು. ಬಿರುಕಿರಲಿಲ್ಲ. ಒಂದು ಬಿರುಕೂ ಇರಲಿಲ್ಲ. ಆಮೇಲೆ ಇವರು ಪಂಖದ ಮುಂದೆ ಕೂತು ಚೂರಿ ತೆಗೆದುಕೊಂಡರು. ಜಜ್ಜಿಹೋದ ಹೂವಿನ ಮುದ್ದೆಯೊಳಗಿಂದ ದಾರವನ್ನು ಎಳೆ ಎಳೆಯಾಗಿ ಕೊಯ್ದರು. ಬಸು ಹೆಂಡತಿಯ ಮುಖ ನೋಡಿದ, ಅವಳು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತು ಬೈಗುಳಕ್ಕಾಗಿ ಕಾಯುತ್ತಿದ್ದೆ.

ಕೊನೆಯ ಎಳೆ ಬಂತು. ಬೆರಳಿಂದ ತಿರುವಿದರು, ಪಂಖ ಝುಂಯ್ ಎಂದು ತಿರುಗಿತು. ಕೈಯಲ್ಲಿದ್ದ ದಾರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಶಾಂತಾ, ಸಾಹೇಬ್ರು ಗಾಳ ಎಲ್ಲಿಂದ ಹಾಕ್ತಾರ?"

"ದೋಣಿಯಿಂದ ಹಾಕ್ತಾರ್ರೀ."

"ಮೀನ ದೋಣಿ ಕೆಳಗ ನುಗ್ಗಿದ್ರ ಈ ದಾರ ಎಲ್ಲಿ ಹೋಕ್ಕೈತಿ?"

ನಾನು ಪಂಖ ನೋಡಿದೆ.

"ಒಬ್ಬರ ಇರ್ತಾರ ಅವರು. ಡ್ಯಾಮಿನ ನಡುನೀರಾಗ. ವಯಸ್ಸಾದ ಮನುಷ್ಯಾ." ಇವರ ದನಿ ತಗ್ಗಿತು. "ಮೀನ ಹಿಡಿಯೂ ದೋಣಿ ಮಾಡಿ, ಮೀನಿನ ದಾರದ ವಿಚಾರನ ಮಾಡಿಲ್ಲ ನಾ. ಪಂಖಾದ ಸುತ್ತ ಜಾಳಿಗಿ ಬೇಕು. ನಾಳೆ ಕೊಡಾಂಗಿಲ್ಲ. ಇನ್ನೊಂದ ವಾರ ಕೇಳ್ತೇನಿ."

ಅಲ್ಲಿಂದಲೇ ಬೂತಿಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿದರು. ಗಾಜಿನ ಬಾಗಿಲ ಹೊರಗೆ ನಾನು ಕಿವಿ ಇಟ್ಟೆ. "ಹೌದ್ರೀ, ಜೋರ ನೀರಾಗ ನೋಡಿದಿವ್ರೀ... ನಿಂತೈತ್ರೀ, ಹನಿ ಒಳಗ ಬಂದಿಲ್ರೀ... ಒಂದ ಕೊರತಿ ಸಿಕ್ಕೈತ್ರೀ... ಇಲ್ರೀ, ನಾ ಅಲ್ಲ, ನಮ್ಮ ಮನೀಯವರ ಹುಡುಕಿದ್ರು." ಸಾಹೇಬರು ಏನೋ ಅಂದಿರಬೇಕು, ಇವರ ಕಿವಿ ಕೆಂಪಾಗಿ, ಮುಖದಲ್ಲಿ ಹೊಳೆಯ ನಡುವೆ ಕಂಡ ಆ ನಗು ಮತ್ತೆ ಬಂತು. "ಆತ್ರೀ. ಜಾಳಿಗಿ ಆದಮ್ಯಾಲ ಬರ್ರಿ."

ನನಗೆ ಅಷ್ಟು ಸಾಕಾಯಿತು. ಊಟಕ್ಕೆ ಕೂಡುವಷ್ಟರಲ್ಲಿ ನಾನು ಚೇತರಿಸಿಕೊಂಡಿದ್ದೆ. "ನೋಡೋ ಬಸು, ಹಾರ ಹಾಕಿದ್ದಕ್ಕ ಒಂದ ಜೀವ ಉಳೀತು. ಪರೀಕ್ಷಾ ಅಂದ್ರ ಹಂಗ ಮಾಡಬೇಕು. ನಾ ಏನ್ ಸುಮ್ನ ಮಾಡಿದ್ನೇನು?"

"ಹೌದು," ಎಂದರು ಇವರು, ತಾಟಿನಿಂದ ತಲೆ ಎತ್ತದೆ. "ಲಾಡಿ ಗಂಟೂ ಪರೀಕ್ಷಾಕ್ಕ ಹಾಕಿದ್ದಿ. ಲಿಂಬಿಹಣ್ಣೂ ಪರೀಕ್ಷಾಕ್ಕ. ಎಮ್ಮಿನೂ ನೀನ ಹೇಳಿ ಕರಿಸಿದ್ದಿ?"

ಬಸುವಿಗೆ ನೀರು ನೆತ್ತಿಗೇರಿತು.

ಅಕ್ಕಿಯ ಭಾಕರಿ, ಝುಣಕ, ಹಸಿ ಉಳ್ಳಾಗಡ್ಡಿ, ಒಡೆದ ಪೂಜೆಯ ಕಾಯಿಯ ಚಟ್ನಿ, ಮಜ್ಜಿಗೆ ಇತ್ತು. ನಾನು ಕಟ್ಟಿ ತಂದ ಬುತ್ತಿ ದಂಡೆಯ ಕೆಸರಿನಲ್ಲಿ ಬಿದ್ದು ತೊಯ್ದಿತ್ತು, ದನಕ್ಕೆ ಹಾಕಿದರು. ಎಷ್ಟು ತೊಳೆದರೂ ಕೈಯಿಂದ ಎಮ್ಮೆಯ ವಾಸನೆ ಹೋಗಲಿಲ್ಲವಾದ್ದರಿಂದ ನಾನು ಚಮಚದಿಂದ ಉಂಡೆ. ಇವರು ಮೂಲೆಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಬೆನ್ನಿಗೆ ಜಾಳಿಗೆಯ ನಕಾಶೆ ಗೀಚುತ್ತಿದ್ದರು. ಆ ರಾತ್ರಿ ಅಲ್ಲೇ ಉಳಿದೆವು; ಮೊದಲು ಮಲಗಿದವಳು ನಾನು.

ಮುಂದಿನದು ಬಸುವಿನ ಹೆಂಡತಿ ಹೇಳಿ ತಿಳಿದದ್ದು. ಇವರು ಪೆನ್ಸಿಲ್ ಕೆಳಗಿಟ್ಟು, "ಶಾಂತಾ, ಜಾಳಿಗಿ ಹಾಕಿ ಇನ್ನೊಮ್ಮೆ ನೀರಿಗೆ ಬಿಡೂಮುಂದ ನೀ ಮನ್ಯಾಗ ಇರ್ತಿ ಏನು?" ಎಂದು ಕೇಳಿದರಂತೆ. ಉತ್ತರವಾಗಿ ನಾನು ಗೊರಕೆ ಹೊಡೆದೆನಂತೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಅವರೂ ದೀಪ ಆರಿಸಿ ಮಲಗಿದರಂತೆ. ನಮ್ಮ ಸಂಸಾರದಲ್ಲಿ ನಾನು ಎದುರು ಮಾತಾಡದೆ ಒಪ್ಪಿಕೊಂಡ ಮೊದಲ ಮಾತು ಅದು.